ಇಪ್ಪತ್ತೈದರಿಂದ ಹಿಂದಕ್ಕೆ

ನವೆಂಬರ್ ಮುಗಿಯುತ್ತ ಬಂದಂತೆ ಗೋವೆಯ ವಾಸ್ಕೋದ ನಮ್ಮ ಕನ್ನಡ ಶಾಲೆಯ ಹಿಂದಿನ ಪಡಸಾಲೆಯಲ್ಲಿ ಬಿದಿರು ಸೀಳುವ ಸದ್ದು ಶುರುವಾಗುತ್ತಿತ್ತು. ಬೈನಾ, ಜುವಾರಿನಗರ, ಮಂಗೋರ್ ಹಿಲ್ ಕಡೆಯಿಂದ ಬರುವ ಮಕ್ಕಳಲ್ಲಿ ಹೆಚ್ಚಿನವರ ಊರು ವಿಜಯಪುರ, ಬಾಗಲಕೋಟೆ, ಗದಗ. ಕ್ರಿಸ್‌ಮಸ್ ಅವರಲ್ಲಿ ಬಹಳ ಮಂದಿಗೆ ಓಣಿಯ ಹಬ್ಬ, ಮನೆಯ ಹಬ್ಬವಲ್ಲ. ಆದರೂ ಹಬ್ಬಕ್ಕೆ ಮುಂಚಿನ ನಾಲ್ಕು ವಾರಕ್ಕೆ ಬೇಕಾದ ಕೈಕೆಲಸವೆಲ್ಲ ಅವರಿಗೆ ಮನೆಯಿಂದಲೇ ಬಂದಿತ್ತು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿದ ಕೈಗೆ ಗೋದಲಿಯ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯ, ಎತ್ತು ಕಷ್ಟವಲ್ಲ. ನವರಾತ್ರಿಗೆ ಘಟ್ಟ ಹಾಕಿ ಸಸಿ ಬೆಳೆಸುವ ಮನೆಯ ಹುಡುಗಿಗೆ ಗೋದಲಿಯ ಹುಲ್ಲು ಹೇಗೆ ಎಬ್ಬಿಸಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ. ಆಕಾಶಬುಟ್ಟಿ ಕಟ್ಟಿದವನು ನಕ್ಷತ್ರವನ್ನೂ ಕಟ್ಟುತ್ತಾನೆ, ಕರ್ಚಿಕಾಯಿ ಮಾಡುವ ಅವ್ವನಿಗೆ ನೆವ್ರಿ ಹೊಸದೇನಲ್ಲ.

ಈಗ ನಕ್ಷತ್ರವೂ ಗೋದಲಿಯೂ ಅಂಗಡಿಯಲ್ಲಿ ಸಿದ್ಧವಾಗಿ ಸಿಗುತ್ತವೆ. ಅದಕ್ಕೇ ನಮ್ಮ ಕಾಲದಲ್ಲಿ ಅಕ್ಕೋರು ಕಲಿಸಿದ್ದನ್ನು ಅಳತೆ ಸಮೇತ ಇಲ್ಲಿ ಬರೆದಿಡುತ್ತಿದ್ದೇನೆ. ಈಗಿನ ಮಕ್ಕಳು ಒಂದು ವರ್ಷವಾದರೂ ಮಾಡಿ ನೋಡಲಿ.

ಮೊದಲು ದಿನದ ಲೆಕ್ಕ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳಲ್ಲಿ ಮೊದಲನೆಯದಕ್ಕೆ ಆಗಮನ ಕಾಲ, ಅಂದರೆ ಹಬ್ಬಕ್ಕೆ ಸಿದ್ಧವಾಗುವ ಕಾಲ, ಶುರು. ಅದು ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ ಎಂದಾದರೂ ಬೀಳಬಹುದು. ಕ್ರಿಸ್‌ಮಸ್ ಭಾನುವಾರ ಬಂದರೆ 28 ದಿನ ಸಿಗುತ್ತದೆ, ಸೋಮವಾರ ಬಂದರೆ 22 ದಿನ ಮಾತ್ರ. 2022ರಲ್ಲಿ ನವೆಂಬರ್ 27ಕ್ಕೇ ಶುರುವಾಗಿದ್ದು, ಮರುವರ್ಷ ಡಿಸೆಂಬರ್ 3ಕ್ಕೆ ಸರಿಯಿತು. ಮೊದಲ ಭಾನುವಾರ ಬರಲಿ, ಆಮೇಲೆ ನೋಡೋಣ ಎಂದು ಕೂತರೆ ಕೆಲವು ವರ್ಷ ಒಂದು ವಾರವೇ ಕೈಬಿಟ್ಟುಹೋಗುತ್ತದೆ. ಅದಕ್ಕೆ ಶಾಲೆಯ ಕಪ್ಪುಹಲಗೆಯ ಮೂಲೆಯಲ್ಲಿ 25 ಎಂದು ಬರೆದು ಅಲ್ಲಿಂದ ಹಿಂದಕ್ಕೆ ಎಣಿಸುವುದು ರೂಢಿ. ಮಣ್ಣಿನ ಎತ್ತು ನೆರಳಲ್ಲಿ ಒಣಗಲು ಎಂಟು ದಿನ ಬೇಕು, ರಾಗಿ ಹುಲ್ಲಿಗೆ ಹನ್ನೆರಡು ದಿನ, ಗೋಧಿಗೆ ಹತ್ತು ದಿನ. ಕುಲ್‌ಕುಲ್ ಎಂಬ ಕರಿದ ಸಿಹಿತಿಂಡಿ ನಾಲ್ಕು ದಿನ ಮುಂಚೆ ಆದರೆ ಸಾಕು. ಡಿಸೆಂಬರ್ 3ರಂದು ಹಳೆ ಗೋವೆಯಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರ ಹಬ್ಬ, ರಾಜ್ಯಕ್ಕೆಲ್ಲ ರಜೆ. ಬಿದಿರು ಸೀಳುವ ಕೆಲಸ ಆ ದಿನ ಮುಗಿಯಬೇಕು. ಡಿಸೆಂಬರ್ 19 ಗೋವಾ ವಿಮೋಚನಾ ದಿನ. ಧ್ವಜ ಏರಿಸಿ ಮಿಠಾಯಿ ತಿಂದ ಮೇಲೆ ಹುಡುಗರೆಲ್ಲ ಕಾಗದ ಅಂಟಿಸಲು ಕೂರುತ್ತಿದ್ದರು.

ನಕ್ಷತ್ರಕ್ಕೆ ಒಂದೇ ಉದ್ದದ ಹತ್ತು ಬಿದಿರು ಸೀಳು ಬೇಕು. 60 ಸೆಂಟಿಮೀಟರ್ ಉದ್ದ, ಒಂದು ಸೆಂಟಿಮೀಟರ್ ಅಗಲ, ದಪ್ಪ ಮೂರು ಮಿಲಿಮೀಟರ್ ಮೀರಬಾರದು. ಗಿಣ್ಣು ಆದಷ್ಟು ನಡುಭಾಗದಲ್ಲಿ ಬರುವಂತೆ ಕತ್ತರಿಸಿ, ಏಕೆಂದರೆ ತುದಿಯ ಹತ್ತಿರ ಗಿಣ್ಣು ಬಂದರೆ ಅಲ್ಲಿ ಬಾಗದೆ ಮುರಿಯುತ್ತದೆ. ಸೀಳುವ ಮೊದಲು ಬಿದಿರನ್ನು ಒಂದು ವಾರ ನೀರಲ್ಲಿ ಮುಳುಗಿಸಿಡುತ್ತಿದ್ದರು. ಹಸಿ ಬಿದಿರಲ್ಲಿ ಇರುವ ಪಿಷ್ಟಕ್ಕೆ ಹುಳು ಬೀಳುತ್ತದೆ, ನೀರಲ್ಲಿ ಅದು ಒಂದಿಷ್ಟು ಬಿಟ್ಟುಹೋಗುತ್ತದೆ. ಹಾಗೆ ಮಾಡದ ಹಂದರದಿಂದ ಮೂರು ತಿಂಗಳಲ್ಲೇ ಹಿಟ್ಟಿನಂಥ ಪುಡಿ ಉದುರತೊಡಗುತ್ತದೆ.

ಪ್ರತಿ ಸೀಳಿನ ಎರಡೂ ತುದಿಯಿಂದ 23 ಸೆಂಟಿಮೀಟರ್‌ಗೆ ಒಂದೊಂದು ಗೆರೆ ಹಾಕಿ. ನಡುವೆ 14 ಸೆಂಟಿಮೀಟರ್ ಉಳಿಯುತ್ತದೆ. ಎಲ್ಲ ಗುಟ್ಟು ಇರುವುದು ಇಲ್ಲೇ. ಐದು ಸೀಳು ಹೆಣೆದಾಗ ಅವು ಒಂದನ್ನೊಂದು ದಾಟುವುದು ಸರಿಯಾಗಿ ಈ ಗೆರೆಗಳ ಮೇಲೇ ಆಗಬೇಕು. ಗೆರೆ ಹಾಕದೆ ಕಣ್ಣಳತೆಯಲ್ಲಿ ಕಟ್ಟಿದ ನಕ್ಷತ್ರಕ್ಕೆ ಒಂದು ಕಾಲು ಉದ್ದ, ಒಂದು ಗಿಡ್ಡ ಆಗುವುದು ಖಂಡಿತ. ಹೀಗೆ ಎರಡು ಚಪ್ಪಟೆ ನಕ್ಷತ್ರ ಮಾಡಿ, ಒಂದರ ಮೇಲೊಂದು ಇಟ್ಟು ಐದು ತುದಿಗಳನ್ನು ಮಾತ್ರ ನೂಲಿನಿಂದ ಬಿಗಿಯಾಗಿ ಕಟ್ಟಿ. ಒಳಗಿನ ಐದು ಮೂಲೆಗಳಲ್ಲಿ 12 ಸೆಂಟಿಮೀಟರ್‌ನ ಐದು ಗಿಡ್ಡ ಕಡ್ಡಿಗಳನ್ನು ಎರಡೂ ನಕ್ಷತ್ರಗಳ ನಡುವೆ ನಿಲ್ಲಿಸಿದಾಗ ಹೊಟ್ಟೆ ಉಬ್ಬುತ್ತದೆ. ಕಡ್ಡಿಗಳನ್ನು ಸಾಲಾಗಿ ಹಾಕುತ್ತ ಹೋಗಬೇಡಿ. ಒಂದು ಹಾಕಿದ ಮೇಲೆ ಪಕ್ಕದ್ದನ್ನು ಬಿಟ್ಟು ಅದರಾಚೆಯದನ್ನು ಹಾಕಿ. ಇಲ್ಲದಿದ್ದರೆ ಎಳೆತ ಒಂದೇ ಕಡೆ ಬಿದ್ದು ಹಂದರ ತಿರುಚಿಕೊಳ್ಳುತ್ತದೆ.

ಈಗ ಕಾಗದ. ಎಣಿಸಿ ನೋಡಿದರೆ ಒಟ್ಟು 22 ತುಂಡು: ಮುಂದೊಂದು ಹಿಂದೊಂದು ಐದು ಮೂಲೆಯ ತುಂಡು, ಮುಂದೆ ಹಿಂದೆ ಸೇರಿ ಹತ್ತು ತ್ರಿಕೋನ, ಪಕ್ಕಕ್ಕೆ ಇನ್ನೂ ಹತ್ತು ತ್ರಿಕೋನ. ಗಾಳಿಪಟದ ಕಾಗದವೇ ಆಗಬೇಕು, ಸುತ್ತಲೂ ಒಂದು ಸೆಂಟಿಮೀಟರ್ ಹೆಚ್ಚು ಬಿಟ್ಟು ಕತ್ತರಿಸಿ. ಅಂಟಿಗೆ ಒಂದು ಪಾಲು ಮೈದಾ, ಐದು ಪಾಲು ನೀರು. ಮೈದಾವನ್ನು ಮೊದಲು ಸ್ವಲ್ಪ ತಣ್ಣೀರಲ್ಲಿ ಕದಡಿ, ಉಳಿದ ನೀರು ಕುದಿಯುವಾಗ ಸುರಿದು ಕೈಬಿಡದೆ ತಿರುವಿ. ಬಿಳಿ ಬಣ್ಣ ಹೋಗಿ ಗಾಜಿನ ಹಾಗೆ ತಿಳಿಯಾದರೆ ಆಯಿತು. ಜಿರಲೆ ತಿನ್ನಬಾರದೆಂದು ಒಂದು ಚಿಟಿಕೆ ಮೈಲುತುತ್ತ ಬೆರೆಸುವುದುಂಟು. ಅದು ವಿಷ, ದೊಡ್ಡವರೇ ಹಾಕಬೇಕು, ಆ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಬಾರದು.

ಕಾಗದವನ್ನು ಬಹಳ ಬಿಗಿಯಾಗಿ ಎಳೆದು ಅಂಟಿಸುವುದು ಹುಡುಗರು ಮಾಡುವ ದೊಡ್ಡ ತಪ್ಪು. ಡಿಸೆಂಬರಿನ ರಾತ್ರಿ ವಾಸ್ಕೋದಲ್ಲಿ ಇಬ್ಬನಿ ಬೀಳುತ್ತದೆ. ಇಬ್ಬನಿಗೆ ಕಾಗದ ಹಿಗ್ಗಿ, ಬೆಳಗಿನ ಬಿಸಿಲಿಗೆ ಕುಗ್ಗಿ, ನಾಲ್ಕನೆಯ ದಿನಕ್ಕೆ ಮೂಲೆಯಲ್ಲಿ ಬಿರಿಯುತ್ತದೆ. ಸಡಿಲವಾಗಿ ಅಂಟಿಸಿ, ಪೂರ್ತಿ ಒಣಗಿದ ಮೇಲೆ ಬಿಳಿ ಕಾಗದದ ಮೇಲೆ ಮಾತ್ರ ಬೆರಳಿನಿಂದ ನೀರು ಚಿಮುಕಿಸಿದರೆ ತಾನಾಗಿ ಬಿಗಿಯಾಗುತ್ತದೆ. ಬಣ್ಣದ ಕಾಗದಕ್ಕೆ ನೀರು ಹಾಕಿದರೆ ಬಣ್ಣ ಬಿಡುತ್ತದೆ. ಹಿಂದಿನ ಐದು ಮೂಲೆಯ ತುಂಡನ್ನು ಮೂರು ಕಡೆ ಮಾತ್ರ ಅಂಟಿಸಿ ಬಲ್ಬ್ ಇಳಿಸುವ ಬಾಗಿಲು ಮಾಡಿಕೊಳ್ಳಬೇಕು. ಬಲ್ಬಿನಿಂದ ಕಾಗದಕ್ಕೆ ಹೆಚ್ಚೆಂದರೆ ಆರು ಸೆಂಟಿಮೀಟರ್ ದೂರ. 40 ವಾಟಿನ ಹಳೆಯ ಬಲ್ಬ್ ಹಾಕಿದರೆ ಕಾಗದ ಕಂದಿ ಸುಟ್ಟೇ ಹೋಗುತ್ತದೆ. ಐದು ವಾಟಿನ ಎಲ್ಇಡಿ ಧಾರಾಳ ಸಾಕು.

ಗೋದಲಿಗೆ ಇಲ್ಲಿನವರು ಗೊಠೊ ಎನ್ನುತ್ತಾರೆ, ದನದ ಕೊಟ್ಟಿಗೆ ಎಂದೇ ಅರ್ಥ. 1223ರಲ್ಲಿ ಇಟಲಿಯ ಗ್ರೆಚ್ಚೋ ಎಂಬ ಊರಲ್ಲಿ ಅಸಿಸಿಯ ಸಂತ ಫ್ರಾನ್ಸಿಸ್ ಹುಲ್ಲು ಹಾಕಿ, ನಿಜವಾದ ಎತ್ತು ಕತ್ತೆಗಳನ್ನೇ ತಂದು ನಿಲ್ಲಿಸಿದಲ್ಲಿಂದ ಈ ಪದ್ಧತಿ ಹರಡಿತು. ಬೈಬಲ್ಲಿನ ಸುವಾರ್ತೆಗಳಲ್ಲಿ ಬರುವ ಯೇಸುವಿನ ಜನನದ ಕಥೆಯಲ್ಲಿ ಎತ್ತು ಕತ್ತೆಗಳ ಮಾತೇ ಇಲ್ಲ. ಯೆಶಾಯನ ಪ್ರವಾದನೆಯ ಮೊದಲ ಅಧ್ಯಾಯದಲ್ಲಿ ಎತ್ತು ತನ್ನ ಒಡೆಯನನ್ನೂ ಕತ್ತೆ ತನ್ನ ಯಜಮಾನನ ಗೋದಲಿಯನ್ನೂ ಬಲ್ಲವು ಎಂದಿದೆ, ಅಲ್ಲಿಂದ ಅವು ಇಲ್ಲಿಗೆ ಬಂದಿವೆ. ನೇಗಿಲಿನ ಊರಿಂದ ಬಂದ ಮಕ್ಕಳಿಗೆ ಈ ಮಾತು ಬಹಳ ಹಿಡಿಸುತ್ತಿತ್ತು.

ಗೋವೆಯ ಕೆಂಪು ಜಂಬಿಟ್ಟಿಗೆ ಮಣ್ಣು ಗೊಂಬೆಗೆ ಬಾರದು, ಹರಳು ಹರಳಾಗಿ ಉದುರುತ್ತದೆ. ಊರಿಂದ ತಂದ ಎರೆಮಣ್ಣು ಜಿಗುಟು ಸರಿ, ಆದರೆ ಒಣಗುವಾಗ ಬಹಳ ಕುಗ್ಗಿ ಬಿರುಕು ಬಿಡುತ್ತದೆ. ಅದಕ್ಕೆ ಮೂರು ಪಾಲಿಗೆ ಒಂದು ಪಾಲು ಜರಡಿ ಹಿಡಿದ ಮರಳು, ಒಂದಿಷ್ಟು ಬಿಡಿಸಿದ ಹತ್ತಿ ಸೇರಿಸಿ ಚೆನ್ನಾಗಿ ನಾದಬೇಕು. ಕುಂಬಾರರ ಮಣ್ಣು ಸಿಕ್ಕರೆ ಇದಾವುದೂ ಬೇಡ. ಎತ್ತಿನ ಕಾಲು ತೆಳ್ಳಗೆ ಮಾಡಿದರೆ ಅದು ಹೊಟ್ಟೆಗಿಂತ ಮೊದಲೇ ಒಣಗಿ, ಸೇರುವ ಕಡೆ ಒಡೆಯುತ್ತದೆ. ಕಾಲು ಗಿಡ್ಡ, ದಪ್ಪ ಇರಲಿ, ಒಳಗೊಂದು ಬಿದಿರು ಕಡ್ಡಿ ಇರಲಿ. ಬಿಸಿಲಿಗೆ ಇಡಲೇಬಾರದು.

ಹುಲ್ಲಿಗೆ ಬಿಸ್ಕಿಟ್ ಡಬ್ಬದ ಚಪ್ಪಟೆ ಮುಚ್ಚಳ ತೆಗೆದುಕೊಂಡು ಮೊಳೆಯಿಂದ ತೂತು ಮಾಡಿ, ಮೂರು ಸೆಂಟಿಮೀಟರ್ ಮಣ್ಣು ಹರವಿ. ಗೋಧಿಯನ್ನು ಹನ್ನೆರಡು ಗಂಟೆ ನೆನೆಸಿ, ಒಂದು ದಿನ ಬಟ್ಟೆಯಲ್ಲಿ ಕಟ್ಟಿಟ್ಟು, ಬಾಯಿ ಒಡೆದ ಮೇಲೆ ಕಾಳಿಗೆ ಕಾಳು ತಾಗುವಷ್ಟು ಒತ್ತಾಗಿ ಬಿತ್ತಬೇಕು. ಅಡಿ ಅಗಲದ ಮುಚ್ಚಳಕ್ಕೆ 150 ಗ್ರಾಂ ಹಿಡಿಯುತ್ತದೆ. ಘಟ್ಟದ ಸಸಿ ದೇವರ ಕೋಣೆಯ ಮಂದ ಬೆಳಕಲ್ಲಿ ಹಳದಿಯಾಗಿ ಬೆಳೆಯುತ್ತದೆ. ಗೋದಲಿಗೆ ಹಸಿರೇ ಬೇಕು, ಆದ್ದರಿಂದ ಮೂರನೆಯ ದಿನದಿಂದ ಕಿಟಕಿಯ ಹತ್ತಿರ ಇಡಿ. ನೀರನ್ನು ಹೊತ್ತಿಗೊಮ್ಮೆ ಚಿಮುಕಿಸಿದರೆ ಸಾಕು, ಸುರಿದರೆ ಬುಡದಲ್ಲಿ ಬಿಳಿ ಬೂಷ್ಟು ಬಂದು ಒಂದೇ ರಾತ್ರಿಯಲ್ಲಿ ಕೊಳೆಯುತ್ತದೆ. ಬೇಗ ಬಿತ್ತಿದರೂ ಕೆಲಸ ಕೆಡುತ್ತದೆ. ಹದಿನೈದು ದಿನದ ಗೋಧಿ ಎತ್ತರವಾಗಿ ಮಗ್ಗುಲಿಗೆ ಮಲಗಿ, ಕುರುಬರ ಗೊಂಬೆಗಳನ್ನೆಲ್ಲ ಮುಚ್ಚಿಬಿಡುತ್ತದೆ. ನೋಡಲು ಚೆಂದ ರಾಗಿಯದೇ, ಇಲ್ಲಿನವರ ನಾಚಣಿ. ಅದರ ಎಸಳು ಸಣ್ಣ, ಗೊಂಬೆಗಳ ಅಳತೆಗೆ ನಿಜವಾದ ಹುಲ್ಲುಗಾವಲಿನಂತೆ ಕಾಣುತ್ತದೆ. ರಾಗಿಯನ್ನು 12ರೊಳಗೆ ಬಿತ್ತಿರಬೇಕು, ಗೋಧಿಯನ್ನು 14ಕ್ಕೆ.

ದೊಡ್ಡ ಗೊಂಬೆ ಮುಂದೆ, ಚಿಕ್ಕದು ಹಿಂದೆ ಇಟ್ಟರೆ ಎರಡು ಅಡಿಯ ಜಾಗವೂ ಆಳವಾಗಿ ಕಾಣುತ್ತದೆ. ಬಾಲಯೇಸುವನ್ನು ನೋಡಲು ಬರುವ ಮೂವರು ರಾಯರನ್ನು ಕೊಟ್ಟಿಗೆಯ ಬಾಗಿಲಿಗೇ ತಂದು ನಿಲ್ಲಿಸುವುದು ತಪ್ಪು. ಅವರು ದೂರದ ಮೂಲೆಯಿಂದ ಹೊರಟು, ದಿನಕ್ಕಿಷ್ಟು ಸರಿದು, ಜನವರಿ 6ಕ್ಕೆ ತಲುಪಬೇಕು. ಬಾಲಯೇಸು 24ರ ನಡುರಾತ್ರಿವರೆಗೆ ಇರುವುದಿಲ್ಲ. ಅಲ್ಲಿಯವರೆಗೆ ಮಗುವನ್ನು ಮಲಗಿಸುವ ಮೇವಿನ ತೊಟ್ಟಿ ಬರಿದು. ಆ ಬರಿದಾದ ತೊಟ್ಟಿಗೆ ದಿನಕ್ಕೊಂದು ಒಳ್ಳೆಯ ಕೆಲಸ ಮಾಡಿದವರು ಒಂದೊಂದು ಭತ್ತದ ಹುಲ್ಲಿನ ಕಡ್ಡಿ ಹಾಕಬೇಕು. ಏನು ಮಾಡಿದೆ ಎಂದು ಯಾರಿಗೂ ಹೇಳುವಂತಿಲ್ಲ. ಆಗಮನ ಕಾಲದ ಎಲ್ಲ ಪದ್ಧತಿಗಳಲ್ಲಿ ಮಕ್ಕಳಿಗೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ.

ಆಗಮನ ಕಾಲದಲ್ಲಿ ಭಾನುವಾರಕ್ಕೊಂದರಂತೆ ಹಚ್ಚುವ ನಾಲ್ಕು ಮೇಣದ ಬತ್ತಿಯ ಹಸಿರು ಚಕ್ರದ ಮೂಲ, 1839ರಲ್ಲಿ ಹ್ಯಾಂಬರ್ಗ್‌ನ ಯೋಹಾನ್ ಹಿನ್ರಿಚ್ ವಿಚರ್ನ್ ಎಂಬ ಪಾದ್ರಿ ತಮ್ಮ ಆಶ್ರಯದ ಬಡ ಮಕ್ಕಳಿಗಾಗಿ ಗಾಡಿಯ ಹಳೆಯ ಚಕ್ರದಿಂದ ಮಾಡಿದ್ದು. ಈಗ ಮೂರು ನೇರಳೆ ಬತ್ತಿ, ಮೂರನೆಯ ಭಾನುವಾರಕ್ಕೆ ಒಂದು ಗುಲಾಬಿ ಬಣ್ಣದ್ದು. ಇಲ್ಲಿ ಸುಲಭವಾಗಿ ಸಿಗುವುದು ಕಡಲ ದಂಡೆಯ ಗಾಳಿಮರದ ಸೊಪ್ಪು. ಅದು ನಾಲ್ಕು ದಿನಕ್ಕೆ ಒಣಗಿ ಬೆಂಕಿಗೆ ತಟ್ಟನೆ ಹತ್ತಿಕೊಳ್ಳುತ್ತದೆ, ಹಾಗಾಗಿ ಪ್ರತಿ ಭಾನುವಾರ ಹೊಸದು ಕಟ್ಟಲೇಬೇಕು.

ತಿಂಡಿಗಳ ತಟ್ಟೆಗೆ ಗೋವೆಯಲ್ಲಿ ಕೊನ್ಸುವಾದ, ಮಂಗಳೂರ ಕಡೆ ಕುಸ್ವಾರ್. ದೋದೋಲ್ ಎಂಬ ಹಲ್ವ ತಾಸುಗಟ್ಟಲೆ ಕೈಬಿಡದೆ ತಿರುವುವ ಕೆಲಸ, ಶಾಲೆಯಲ್ಲಿ ಸಾಧ್ಯವಿಲ್ಲ. ನೆವ್ರಿಗೆ ಹಸಿ ಕಾಯಿ ತುಂಬಿದರೆ ಬೇಗ ಹಳಸುತ್ತದೆ, ಒಣಕೊಬ್ಬರಿ ಮೇಲು. ಎಲ್ಲರೂ ಕೂತು ಮಾಡಬಹುದಾದ್ದು ಕುಲ್‌ಕುಲ್. ಒಂದು ಕಿಲೋ ಮೈದಾ, 200 ಗ್ರಾಂ ಚಿರೋಟಿ ರವೆ, 200 ಗ್ರಾಂ ಪುಡಿ ಸಕ್ಕರೆ, ಒಂದು ಚಮಚ ಉಪ್ಪು, 100 ಗ್ರಾಂ ಕಾಯಿಸಿದ ತುಪ್ಪ. ಕಲಸಲು ಸುಮಾರು 400 ಮಿಲಿಲೀಟರ್ ತೆಂಗಿನ ಹಾಲು, ಒಮ್ಮೆಲೇ ಸುರಿಯಬಾರದು. ಪೂರಿ ಹಿಟ್ಟಿನ ಹದ ಬಂದರೆ ನಿಲ್ಲಿಸಿ, ಒದ್ದೆ ಬಟ್ಟೆ ಮುಚ್ಚಿ ಒಂದು ತಾಸು ಬಿಡಿ. ಗೋಲಿಯಷ್ಟು ಉಂಡೆಯನ್ನು ಫೋರ್ಕಿನ ಬೆನ್ನಿಗೋ ಹೊಸ ಬಾಚಣಿಗೆಗೋ ಒತ್ತಿ ಹೆಬ್ಬೆರಳಿಂದ ಸುರುಳಿ ಸುತ್ತಬೇಕು. ಒಂದು ಕಿಲೋಗೆ ಸುಮಾರು 400 ಆಗುತ್ತವೆ. ಅಂಚು ಒತ್ತಿ ಮುಚ್ಚದಿದ್ದರೆ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದೆ. ಹಿಟ್ಟಲ್ಲೇ ಸಕ್ಕರೆ ಇರುವುದರಿಂದ ಉರಿ ಜೋರಾದರೆ ಮೇಲೆ ಕೆಂಪಾಗಿ ಒಳಗೆ ಹಸಿ ಉಳಿಯುತ್ತದೆ. ಸಣ್ಣ ಉರಿಯಲ್ಲಿ ಆರೇಳು ನಿಮಿಷ ಕರಿಯಿರಿ. ಮೇಲೆ ಸಕ್ಕರೆ ಪಾಕ ಹಾಕುವವರಿದ್ದಾರೆ, ಸಮುದ್ರದ ಗಾಳಿಗೆ ಅದು ಅಂಟಂಟಾಗುತ್ತದೆ. ಪೂರ್ತಿ ಆರದೆ ಡಬ್ಬಿಗೆ ತುಂಬಿದರೆ ಆವಿಗೆ ಮೆತ್ತಗಾಗುತ್ತದೆ.

23ರ ಸಂಜೆಯ ಕಾರ್ಯಕ್ರಮಕ್ಕೆ ಕ್ಯಾರಲ್ ಹಾಡು, ಘುಮಟ್ ಎಂಬ ಮಣ್ಣಿನ ಮಡಕೆಯ ವಾದ್ಯ, ಕೊನೆಗೆ ಹೌಸಿ ಎಂಬ ಅಂಕೆಯಾಟ. ಘುಮಟ್‌ಗೆ ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು. ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಅಪರಾಧ, ಈಗ ಆಡಿನ ಚರ್ಮ. ಇಬ್ಬನಿಗೆ ಅದು ಸಡಿಲವಾಗಿ ಸದ್ದು ಮಂಕಾಗುತ್ತದೆ, ಬಾರಿಸುವ ಮೊದಲು ಬೆಂಕಿಯ ಕಾವು ದೂರದಿಂದ ತೋರಿಸಬೇಕು. ಹೌಸಿಯ ಚೀಟಿಯಲ್ಲಿ 15 ಅಂಕೆ. ಕನ್ನಡದಲ್ಲಿ ಕೂಗುವಾಗ ಐವತ್ತಾರು, ಅರವತ್ತಾರು ಗದ್ದಲದಲ್ಲಿ ಒಂದೇ ಥರ ಕೇಳಿಸುತ್ತವೆ. ಅದಕ್ಕೆ ಮೊದಲು ಬಿಡಿಬಿಡಿಯಾಗಿ "ಐದು, ಆರು", ಆಮೇಲೆ "ಐವತ್ತಾರು" ಎಂದು ಕೂಗುವುದು ನಮ್ಮ ಶಾಲೆಯ ನಿಯಮ.

ಜನವರಿ 6 ಕಳೆದ ಮೇಲೆ ಗೋಧಿ ಹುಲ್ಲು ಓಣಿಯ ದನಗಳಿಗೆ. ಗೊಂಬೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಡಿ, ಮಳೆಗಾಲದಲ್ಲಿ ಒಳಗೇ ಬೆವರಿ ಬಣ್ಣ ಏಳುತ್ತದೆ. ಹಳೆಯ ಪತ್ರಿಕೆ ಸಾಕು. ನಕ್ಷತ್ರದ ಕಾಗದ ಕಿತ್ತು, ಅಂಟನ್ನು ಒದ್ದೆ ಬಟ್ಟೆಯಿಂದ ಒರೆಸಿ, ಐದು ಗಿಡ್ಡ ಕಡ್ಡಿ ತೆಗೆದರೆ ಹಂದರ ಮತ್ತೆ ಚಪ್ಪಟೆಯಾಗುತ್ತದೆ. ಕಡ್ಡಿಗಳನ್ನು ಅದಕ್ಕೇ ಕಟ್ಟಿ ಗೋಡೆಯ ಮೊಳೆಗೆ ನೇತುಹಾಕಿ. ನೆಲದ ಮೇಲೆ ಒರಗಿಸಿದರೆ ಮಳೆಗಾಲ ಮುಗಿಯುವಷ್ಟರಲ್ಲಿ ಗೆದ್ದಲು ಹಿಡಿದಿರುತ್ತದೆ.