ಸಿರೋಸಾ (ಕರುಳಿನ ಹೊರಪೊರೆ) ನುಣ್ಣಗಿದ್ದರೂ ನಂಬಬೇಡಿ

ನುಂಗಿಸಿದ ಕ್ಯಾಮೆರಾ ಕ್ಯಾಪ್ಸೂಲ್ ಸಣ್ಣ ಕರುಳಿನಲ್ಲಿ ಸಿಕ್ಕಿಹಾಕಿಕೊಂಡ ಕೇಸು. ಮಂಡಿನೋವಿಗೆ ವರ್ಷಗಟ್ಟಲೆ ಡೈಕ್ಲೋಫೆನಾಕ್ ಎಸ್‌ಆರ್ (ನಿಧಾನವಾಗಿ ಬಿಡುಗಡೆಯಾಗುವ ನೋವಿನ ಮಾತ್ರೆ), ಇಳಿಯುತ್ತಲೇ ಇರುವ ಹಿಮೋಗ್ಲೋಬಿನ್, ಮೇಲಿನ ಸ್ಕೋಪೂ ಕೊಲೊನೋಸ್ಕೋಪಿಯೂ ಕ್ಲೀನ್, ಸಿಟಿಯಲ್ಲೂ ಏನಿಲ್ಲ. ಹೊಟ್ಟೆ ತೆರೆದು ಡಿಜೆಯಿಂದ ಸೀಕಮ್‌ವರೆಗೆ, ಅಂದರೆ ಸಣ್ಣ ಕರುಳಿನ ಉದ್ದಕ್ಕೂ, ಕೈಯಾಡಿಸಿದರೆ ಕ್ಯಾಪ್ಸೂಲ್ ಕೈಗೆ ಸಿಗುತ್ತದೆ, ಅದನ್ನು ತಡೆದದ್ದೇನೆಂದು ಸಿಗುವುದಿಲ್ಲ. ಗಂಟಿಲ್ಲ, ಬಿಗಿತವಿಲ್ಲ. ಇನ್ನೊಂದು ಸಲ ಕೈಯಾಡಿಸಿದರೂ ಅಷ್ಟೇ. ಅಷ್ಟರಲ್ಲಿ ಅನಸ್ತೇಶಿಯಾದವರು ಗಡಿಯಾರ ನೋಡತೊಡಗುತ್ತಾರೆ.

ಒಳಗಿರುವುದು ನೋವಿನ ಮಾತ್ರೆಯಿಂದಾದ ಡಯಾಫ್ರಾಮ್: ಮ್ಯೂಕೋಸಾ, ಸಬ್‌ಮ್ಯೂಕೋಸಾಗಳ (ಕರುಳಿನ ಒಳಪದರಗಳ) 2–4 ಮಿ.ಮೀ. ದಪ್ಪದ ಪರದೆ, ನಡುವೆ ಸಣ್ಣ ತೂತು. 1988ರಲ್ಲೇ ಇದರ ಪೆಥಾಲಜಿ ಪ್ರಕಟವಾಗಿದೆ. ಒಂದು ಸಿಕ್ಕರೆ ಸಾಮಾನ್ಯವಾಗಿ ಇನ್ನೂ ಹಲವು ಇರುತ್ತವೆ. ಎಂಟರಾಟಮಿಯಿಂದ (ಕರುಳಿಗೆ ಹಾಕಿದ ಕೊಯ್ತದಿಂದ) ತುದಿಯಲ್ಲಿ ಬಲೂನಿರುವ ಫೋಲಿ ನಳಿಕೆ ತೂರಿಸಿ, ಬಲೂನ್ ಉಬ್ಬಿಸಿ, ಮೆಲ್ಲಗೆ ಎಳೆಯಿರಿ. ತಡೆದಲ್ಲೆಲ್ಲ ಹೊಲಿಗೆಯಿಂದ ಗುರುತು ಹಾಕಿ. ಟೇಬಲ್ ಮೇಲೇ ಎಂಟರೋಸ್ಕೋಪಿ (ಸಣ್ಣ ಕರುಳಿನೊಳಗೆ ಸ್ಕೋಪ್ ಹಾಕಿ ನೋಡುವುದು) ಆದರೆ ಇನ್ನೂ ಒಳ್ಳೆಯದು. ಎಲ್ಲ ಗುರುತು ಮುಗಿಯದೆ ರಿಸೆಕ್ಷನ್‌ಗೆ (ಕರುಳು ಕತ್ತರಿಸಿ ತೆಗೆಯುವುದಕ್ಕೆ) ಕೈ ಹಾಕಬೇಡಿ.

ಇಂಥ ಶಂಕೆಯಿದ್ದರೆ ಕ್ಯಾಮೆರಾಗಿಂತ ಮೊದಲು ಪೇಟೆನ್ಸಿ ಕ್ಯಾಪ್ಸೂಲ್ (ದಾರಿ ತೆರೆದಿದೆಯೇ ಎಂದು ನೋಡುವ, ಕರಗುವ ಡಮ್ಮಿ) ಕೊಡಬೇಕು. ಇಂಡೆಂಟ್ ಹಾಕಿದರೆ ಪರ್ಚೇಸ್‌ನವರದು ಒಂದೇ ರಾಗ: ‘ಕರಗಿಹೋಗೋ ಡಮ್ಮಿಗೆ ಇಷ್ಟು ದುಡ್ಡಾ ಸಾರ್?’

‘ಪ್ಯಾಂಟೊಪ್ರಜೋಲ್ ಜೊತೆಗಿತ್ತಲ್ಲ’ ಎಂಬ ಮಾತು ರೌಂಡ್ಸ್‌ನಲ್ಲಿ ಬಂದೇ ಬರುತ್ತದೆ. ಆಮ್ಲ ತಗ್ಗಿಸುವ ಆ ಮಾತ್ರೆ ಕಾಯುವುದು ಜಠರ, ಡುವೋಡಿನಮ್ (ಸಣ್ಣ ಕರುಳಿನ ಮೊದಲ ಭಾಗ) ಮಾತ್ರ. ಡೈಕ್ಲೋಫೆನಾಕ್ ಪಿತ್ತದ ಜೊತೆ ಮತ್ತೆ ಕರುಳಿಗೆ ಬರುತ್ತದೆ, ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಬಿಡಿಸಿ ಮತ್ತೆ ಚುರುಕಾಗಿಸುತ್ತವೆ. ಹಾಗಾಗಿ ಇಂಜೆಕ್ಷನ್ನಿಗೆ ಬದಲಾಯಿಸಿದರೂ ಕರುಳು ಪಾರಾಗುವುದಿಲ್ಲ. ಎಂಟರಿಕ್ ಕೋಟಿಂಗ್ (ಜಠರದಲ್ಲಿ ಕರಗದ ಹೊದಿಕೆ), ಎಸ್‌ಆರ್ ಮಾತ್ರೆಗಳಂತೂ ಗಾಯವನ್ನು ಇನ್ನೂ ಕೆಳಕ್ಕೆ, ಇಲಿಯಮ್‌ಗೆ (ಸಣ್ಣ ಕರುಳಿನ ಕೊನೆಯ ಭಾಗಕ್ಕೆ), ಬಲಗಡೆ ಕೋಲನ್‌ಗೆ ಸಾಗಿಸುತ್ತವೆ.

ಹಿಸ್ಟರಿ ತೆಗೆಯುವ ಪಿಜಿಗಳಿಗೆ: ‘ಯಾವ ಮಾತ್ರೆ ತಗೋತೀರಮ್ಮ?’ ಎಂದರೆ ಬಿಪಿ, ಶುಗರ್ ಮಾತ್ರೆ ಹೇಳುತ್ತಾರೆ. ನೋವಿನ ಮಾತ್ರೆ ಅವರ ಲೆಕ್ಕದಲ್ಲಿ ಔಷಧಿಯೇ ಅಲ್ಲ. ‘ಮೈಕೈ ನೋವಿಗೆ ಮೆಡಿಕಲ್‌ನಿಂದ ಏನು ತರಿಸ್ತೀರಿ?’ ಎಂದು ಕೇಳಿ, ಖಾಲಿ ಸ್ಟ್ರಿಪ್ ತರಿಸಿ, ಹಿಂದಿನ ಸಣ್ಣಕ್ಷರ ಓದಿ. ಪ್ಯಾರಾಸಿಟಮಾಲ್ ಎಂದುಕೊಂಡದ್ದರಲ್ಲಿ ಡೈಕ್ಲೋಫೆನಾಕ್ ಜಾತಿಯದೇ ಆದ ಏಸಿಕ್ಲೋಫೆನಾಕ್ ಇರುತ್ತದೆ. ಬಯಾಪ್ಸಿ ಫಾರಂನಲ್ಲೂ ಮಾತ್ರೆಯ ಹೆಸರು ಬರೆಯಿರಿ. ಇಲ್ಲದಿದ್ದರೆ ‘ನಾನ್‌ಸ್ಪೆಸಿಫಿಕ್ ಅಲ್ಸರ್’ ಎಂದು ರಿಪೋರ್ಟ್ ಬರುತ್ತದೆ, ಕ್ಷಯದಲ್ಲಿ ಕಾಣುವ ಗ್ರಾನುಲೋಮಾ ಇಲ್ಲದಿದ್ದರೂ ಯಾರೋ ಎಟಿಟಿ (ಕ್ಷಯದ ಔಷಧಿ) ಶುರು ಮಾಡಿಬಿಡುತ್ತಾರೆ.

ಮಾತ್ರೆ ನಿಲ್ಲಿಸದಿದ್ದರೆ ಪರದೆ ಮತ್ತೆ ಕಟ್ಟಬಹುದು. ಹೃದಯಕ್ಕೆಂದು ಕೊಟ್ಟ ಆಸ್ಪಿರಿನ್ ಮಾತ್ರ ಕಾರ್ಡಿಯಾಲಜಿಯವರನ್ನು ಕೇಳದೆ ನಿಲ್ಲಿಸಬೇಡಿ. ಸಾಫ್ಟ್‌ವೇರಿನ ಡಿಸ್ಚಾರ್ಜ್ ಟೆಂಪ್ಲೇಟ್‌ನಲ್ಲಿ ‘ಟ್ಯಾಬ್ ಏಸಿಕ್ಲೋಫೆನಾಕ್ ಎಸ್‌ಒಎಸ್’ (ನೋವಿದ್ದಾಗ ಮಾತ್ರ) ತಾನಾಗಿಯೇ ಬಂದು ಕೂರುತ್ತದೆ. ಐಟಿಯವರು ತೆಗೆಯುವವರೆಗೆ ಪ್ರತಿ ಸಲ ಕೈಯಾರೆ ಅಳಿಸಿ, ಪ್ಯಾರಾಸಿಟಮಾಲ್ ಬರೆಯಿರಿ.