ಮೂರನೇ ಸರ್ವರ್‌ನಲ್ಲಿ ಮಾತ್ರ ಟ್ರೇಸ್ ಬರುತ್ತಿರಲಿಲ್ಲ

ಒಂದು ವಾರ ಪೂರ್ತಿ ಇದೇ ಗೋಳು. ರಾತ್ರಿ ಎರಡು ಗಂಟೆ ಆಯ್ತು ಅಂದರೆ ನಮ್ಮ ಅಪ್ಲಿಕೇಶನ್ ಗಂಟು ಬಿದ್ದು ನಿಂತುಬಿಡುತ್ತಿತ್ತು. ನಾಲ್ಕು ವೆಬ್‌ಸ್ಫಿಯರ್ (ಜಾವಾ ಅಪ್ಲಿಕೇಶನ್ ಓಡಿಸುವ ಐಬಿಎಂ ಸಾಫ್ಟ್‌ವೇರ್) ಸರ್ವರ್, ಒಂದೇ ಕ್ಲಸ್ಟರ್, ಅಂದರೆ ನಾಲ್ಕೂ ಸೇರಿ ಓಡಿಸೋದು ಒಂದೇ ಅಪ್ಲಿಕೇಶನ್. ಸಿಸ್ಟಮ್‌ಔಟ್ ಲಾಗ್ ತೆಗೆದು ನೋಡಿದರೆ ಜೆ2ಸಿಎ0045ಇ ಅಂತ ಸಾಲು ಸಾಲು. ಅಂದರೆ ಡೇಟಾಬೇಸ್ ಕನೆಕ್ಷನ್‌ಗೆ ಕಾದೂ ಕಾದೂ ಸಿಗಲಿಲ್ಲ ಅಂತ. ಡೀಫಾಲ್ಟ್ ಆಗಿ 180 ಸೆಕೆಂಡ್ ಕಾಯುತ್ತದೆ, ಆಮೇಲೆ ಕೈ ಎತ್ತಿಬಿಡುತ್ತದೆ. ಆದರೆ ಕನೆಕ್ಷನ್ ಹಿಡಿದುಕೊಂಡು ವಾಪಸ್ ಕೊಡದೆ ಕೂತಿರುವವರು ಯಾರು? ಅದನ್ನು ಈ ಲಾಗ್ ಹೇಳೋದಿಲ್ಲ. ಅದಕ್ಕೆ ಟ್ರೇಸ್ ಹಾಕಬೇಕು, ಅಂದರೆ ಒಳಗೆ ನಡೆಯುವ ಒಂದೊಂದು ಹೆಜ್ಜೆಯನ್ನೂ ಸರ್ವರ್ ಫೈಲ್‌ಗೆ ಬರೆಯುವಂತೆ ಮಾಡಬೇಕು.

ಮೊದಲ ದಿನ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ಬ್ರೌಸರ್‌ನಲ್ಲಿ ತೆರೆಯುವ ಆಡ್ಮಿನ್ ಕನ್ಸೋಲ್‌ಗೆ ಹೋಗಿ *=ಆಲ್ ಅಂತ ಹಾಕಿ ಮಲಗಿದೆ. ಟ್ರೇಸ್ ಫೈಲ್ 20 ಎಂಬಿ ಮುಟ್ಟಿದರೆ ಮುಂದಿನ ಫೈಲ್‌ಗೆ ಉರುಳುತ್ತದೆ, ಹಳೆಯವು ಕೆಲವೇ ಉಳಿಯುತ್ತವೆ. ಎಲ್ಲವನ್ನೂ ಬರೆ ಅಂದಾಗ ಅದಕ್ಕೆ 20 ಎಂಬಿ ಯಾವ ಲೆಕ್ಕ? ಬೆಳಿಗ್ಗೆ ನೋಡಿದರೆ ಏಳು ಗಂಟೆಯ ಟ್ರೇಸ್ ಚೆನ್ನಾಗಿತ್ತು, ಎರಡು ಗಂಟೆಯದು ಇರಲೇ ಇಲ್ಲ. ಸರಿ ಅಂತ ಮಾರನೇ ದಿನ ಹಳೆ ಫೈಲ್‌ಗಳ ಸಂಖ್ಯೆ ಏರಿಸಿದೆ. ಡಿಸ್ಕ್ ತುಂಬಿತು. ಬೈಗುಳ ತಿಂದೆ.

ಈ ತೊಂದರೆಗೆ ಸಾಕಾಗುವ ಸಾಲು ಇಷ್ಟೇ: *=ಇನ್ಫೋ:ವಾಸ್.ಜೆ2ಸಿ=ಆಲ್:ಆರ್‌ಆರ್‌ಎ=ಆಲ್. ಕನೆಕ್ಷನ್ ಪೂಲ್ (ಎಲ್ಲರೂ ಹಂಚಿಕೊಂಡು ಬಳಸುವ ಡೇಟಾಬೇಸ್ ಕನೆಕ್ಷನ್‌ಗಳ ಗುಂಪು) ಮತ್ತು ಡೇಟಾಬೇಸ್ ಅಡಾಪ್ಟರ್ ಮಾತ್ರ ಬಾಯಿ ಬಿಡಲಿ, ಉಳಿದವರು ಎಂದಿನಂತೆ ಇನ್ಫೋ ಮಟ್ಟದಲ್ಲಿ ಇರಲಿ ಅಂತ ಅರ್ಥ.

ಇನ್ನೊಂದು ಗೊಂದಲ ಹೊಸಬರಿಗೆ ತಪ್ಪಿದ್ದಲ್ಲ. ಕನ್ಸೋಲ್‌ನಲ್ಲಿ ಕಾನ್ಫಿಗರೇಶನ್, ರನ್‌ಟೈಮ್ ಅಂತ ಎರಡು ಟ್ಯಾಬ್ ಇವೆ. ಕಾನ್ಫಿಗರೇಶನ್‌ನಲ್ಲಿ ಬದಲಿಸಿದರೆ ಸರ್ವರ್ ರೀಸ್ಟಾರ್ಟ್ ಆಗುವ ತನಕ ಏನೂ ಆಗೋದಿಲ್ಲ. ರನ್‌ಟೈಮ್‌ನಲ್ಲಿ ಬದಲಿಸಿದರೆ ಆ ಕ್ಷಣವೇ ಶುರು, ರೀಸ್ಟಾರ್ಟ್ ಆದರೆ ಮಾಯ. ನಡೆಯುತ್ತಿರುವ ಪ್ರೊಡಕ್ಷನ್ ಸರ್ವರ್‌ಗೆ ಬೇಕಾದ್ದು ಎರಡನೆಯದು. ಆ ಟ್ಯಾಬ್‌ನಲ್ಲೇ ಕಾನ್ಫಿಗರೇಶನ್‌ಗೂ ಉಳಿಸು ಅನ್ನುವ ಟಿಕ್ ಒಂದಿದೆ, ಅದನ್ನು ಮುಟ್ಟಬೇಡಿ. ಮುಟ್ಟಿದರೆ ಮೂರು ತಿಂಗಳು ಬಿಟ್ಟು ಯಾರೋ ರೀಸ್ಟಾರ್ಟ್ ಮಾಡಿದಾಗ ನಿಮ್ಮ ಹಳೆ ಟ್ರೇಸ್ ಮತ್ತೆ ಎದ್ದು ಕೂರುತ್ತದೆ.

ನಾಲ್ಕು ಸರ್ವರ್‌ಗೆ ರಾತ್ರಿ ಒಂದೂವರೆಗೆ ಎದ್ದು ಕ್ಲಿಕ್ ಮಾಡುತ್ತಾ ಕೂರೋಕೆ ಆಗುತ್ತಾ? ಅದಕ್ಕೇ ಸ್ಕ್ರಿಪ್ಟ್ ಬರೆದೆ. ವೆಬ್‌ಸ್ಫಿಯರ್‌ನ ಕಮಾಂಡ್ ಟೂಲ್ ಡಬ್ಲ್ಯುಎಸ್‌ಆಡ್ಮಿನ್‌ಗೆ ಜೈಥಾನ್ (ಜಾವಾ ಮೇಲೆ ಓಡುವ ಪೈಥಾನ್) ಫೈಲ್ ಕೊಟ್ಟರೆ ಅದು ಒಂದೊಂದೇ ಸರ್ವರ್‌ನ ಟ್ರೇಸ್‌ಸರ್ವೀಸ್ ಎಂಬೀನ್ (ಓಡುತ್ತಿರುವ ಸರ್ವರ್‌ನ ಸೆಟ್ಟಿಂಗ್ ಬದಲಿಸುವ ಹಿಡಿಕೆ) ಹುಡುಕಿ, ಅದರ ಟ್ರೇಸ್‌ಸ್ಪೆಸಿಫಿಕೇಶನ್, ಅಂದರೆ ಮೇಲೆ ಹೇಳಿದಂಥ ಟ್ರೇಸ್ ಸಾಲನ್ನು ಬದಲಿಸುತ್ತದೆ, ಅಷ್ಟೇ. ಸರ್ವರ್ ಹೆಸರು, ಆನ್ ಮಾಡುವ ಸಾಲು, ಆಫ್ ಮಾಡುವ ಸಾಲು ಎಲ್ಲಾ ಒಂದು ಪ್ರಾಪರ್ಟೀಸ್ ಫೈಲ್‌ನಲ್ಲಿ, ಅಂದರೆ ಸಾಲಿಗೊಂದು ಕೀ=ವ್ಯಾಲ್ಯೂ ಇರುವ ಫೈಲ್‌ನಲ್ಲಿ. ಜೈಥಾನ್ ಒಳಗಿಂದ ಜಾವಾದ ಪ್ರಾಪರ್ಟೀಸ್ ಕ್ಲಾಸನ್ನೇ ಕರೆಯಬಹುದು, ಹಾಗಾಗಿ ಫೈಲ್ ಓದುವ ಕೋಡ್ ಬೇರೆ ಬರೆಯುವ ತಲೆನೋವಿಲ್ಲ. ಟ್ರೇಸ್ ಸಾಲಿನಲ್ಲೇ ಈಕ್ವಲ್ಸ್, ಕೋಲನ್ ಎಲ್ಲಾ ಇವೆಯಲ್ಲ, ಎಡವಟ್ಟಾಗುತ್ತೇನೋ ಅಂತ ಹೆದರಿದ್ದೆ. ಆಗಲಿಲ್ಲ. ಮೊದಲ ಈಕ್ವಲ್ಸ್‌ಗೆ ಕೀ ಮುಗಿಯುತ್ತದೆ, ಆಮೇಲಿನದೆಲ್ಲ ವ್ಯಾಲ್ಯೂನೇ.

ಎಡವಟ್ಟು ಬೇರೆ ಕಡೆ ಕಾದಿತ್ತು. ರಾತ್ರಿ ಸ್ಕ್ರಿಪ್ಟ್ ಓಡಿತು, ಎರರ್ ಇಲ್ಲ. ಬೆಳಿಗ್ಗೆ ಮೂರು ಸರ್ವರ್‌ನಲ್ಲಿ ಟ್ರೇಸ್ ಇದೆ, ಮೂರನೆಯದರಲ್ಲಿ ಇಲ್ಲ. ಆ ರಾತ್ರಿ ಗಂಟು ಬಿದ್ದಿದ್ದೂ ಅದೇ ಸರ್ವರ್, ನನ್ನ ಅದೃಷ್ಟ ನೋಡಿ. ಟ್ರೇಸ್ ಬದಲಾದರೆ ಸಿಸ್ಟಮ್‌ಔಟ್‌ನಲ್ಲಿ ಟಿಆರ್‌ಎಎಸ್0018ಐ ಅನ್ನುವ ಸಾಲು ಬೀಳಬೇಕು, ಹೊಸ ಸ್ಥಿತಿ ಏನು ಅಂತ ಅದೇ ಹೇಳುತ್ತದೆ. ಮೂರನೆಯದರಲ್ಲಿ ಆ ಸಾಲೇ ಇಲ್ಲ. ಅಂದರೆ ನನ್ನ ಸ್ಕ್ರಿಪ್ಟ್ ಅದರ ಬಾಗಿಲನ್ನೇ ತಟ್ಟಿಲ್ಲ!

ಅರ್ಧ ದಿನ ಕೋಡ್ ಓದಿದೆ. ಕೊನೆಗೆ ಪ್ರಾಪರ್ಟೀಸ್ ಫೈಲನ್ನು ಕ್ಯಾಟ್ ಕಮಾಂಡ್‌ಗೆ ಮೈನಸ್ ದೊಡ್ಡ ಎ ಸೇರಿಸಿ ನೋಡಿದೆ, ಹಾಗೆ ಮಾಡಿದರೆ ಪ್ರತಿ ಸಾಲು ಮುಗಿಯುವ ಕಡೆ ಒಂದು ಡಾಲರ್ ಚಿಹ್ನೆ ಕಾಣುತ್ತದೆ. ಉಳಿದ ಸಾಲುಗಳಲ್ಲಿ ಹೆಸರಿಗೆ ಅಂಟಿಕೊಂಡೇ ಡಾಲರ್. ಮೂರನೇ ಸಾಲಿನಲ್ಲಿ ನಡುವೆ ಒಂದು ಸ್ಪೇಸ್. ಎಲ್ಲಿಂದಲೋ ಕಾಪಿ ಮಾಡುವಾಗ ಬಂದಿರಬೇಕು. ವ್ಯಾಲ್ಯೂ ಶುರುವಿನಲ್ಲಿರುವ ಸ್ಪೇಸನ್ನು ಜಾವಾ ತೆಗೆದುಹಾಕುತ್ತದೆ, ಕೊನೆಯಲ್ಲಿರುವುದನ್ನು ಹಾಗೇ ಇಟ್ಟುಕೊಳ್ಳುತ್ತದೆ. ಸ್ಪೇಸ್ ಸೇರಿದ ಆ ಹೆಸರಿನ ಸರ್ವರ್ ಎಲ್ಲೂ ಇಲ್ಲ. ಎಂಬೀನ್ ಹುಡುಕಿಕೊಡುವ ಕಂಪ್ಲೀಟ್‌ಆಬ್ಜೆಕ್ಟ್‌ನೇಮ್‌ಗೆ ಏನೂ ಸಿಗದಿದ್ದರೆ ಅದು ಎರರ್ ಕೊಡೋದಿಲ್ಲ, ಸುಮ್ನೆ ಖಾಲಿ ಸ್ಟ್ರಿಂಗ್ ಕೊಡುತ್ತದೆ. ಖಾಲಿ ಬಂದರೆ ಸರ್ವರ್ ಆಫ್ ಇರಬೇಕು, ಬಿಟ್ಟು ಮುಂದೆ ಹೋಗು ಅಂತ ಬುದ್ಧಿವಂತ ನಾನೇ ಬರೆದಿದ್ದೆ. ಈಗ ಆಚೀಚೆಯ ಸ್ಪೇಸ್ ಕತ್ತರಿಸುವ ಸ್ಟ್ರಿಪ್ ಹಾಕಿದ್ದೇನೆ, ಖಾಲಿ ಬಂದರೆ ಸ್ಕ್ರಿಪ್ಟ್ ಬೊಬ್ಬೆ ಹೊಡೆದು ನಿಲ್ಲುತ್ತದೆ.

ಅವತ್ತು ರಾತ್ರಿ ನಾಲ್ಕರಲ್ಲೂ ಟ್ರೇಸ್ ಬಂತು. ಎರಡು ಗಂಟೆಗೆ ಓಡುವ ರಿಪೋರ್ಟ್ ಒಂದು, ಎಕ್ಸೆಪ್ಶನ್ (ಓಡುವಾಗ ಬರುವ ಎರರ್) ಬಂದಾಗ ಕನೆಕ್ಷನ್ ಕ್ಲೋಸ್ ಮಾಡದೆ ಹೊರಟುಹೋಗುತ್ತಿತ್ತು. ಆ ಪೂಲ್‌ನಲ್ಲಿ ಇದ್ದದ್ದೇ ಹತ್ತು ಕನೆಕ್ಷನ್, ಡೀಫಾಲ್ಟನ್ನು ಯಾರೂ ಬದಲಿಸಿರಲಿಲ್ಲ. ಹತ್ತು ಸಲ ಎಡವಿದರೆ ಮುಗೀತು. ಕ್ಲೋಸ್ ಮಾಡುವ ಸಾಲನ್ನು, ಎಕ್ಸೆಪ್ಶನ್ ಬಂದರೂ ಓಡುವ ಫೈನಲಿ ಬ್ಲಾಕ್‌ಗೆ ಹಾಕಿದ ಮೇಲೆ ಎಲ್ಲರೂ ನಿದ್ದೆ ಮಾಡಿದೆವು.

ಆಫ್ ಮಾಡುವುದರ ಬಗ್ಗೆ ಒಂದು ಮಾತು. ಮೊದಲು ಶೆಲ್ ಸ್ಕ್ರಿಪ್ಟ್‌ನಲ್ಲಿ ಆನ್, ಇಪ್ಪತ್ತು ನಿಮಿಷ ಸ್ಲೀಪ್, ಆಮೇಲೆ ಆಫ್ ಅಂತ ಬರೆದಿದ್ದೆ. ವಿಪಿಎನ್ ಕಟ್ ಆಯ್ತು, ಸೆಶನ್ ಹೋಯ್ತು, ಆಫ್ ಓಡಲೇ ಇಲ್ಲ. ಈಗ ಆನ್‌ಗೆ ಒಂದು, ಆಫ್‌ಗೆ ಒಂದು, ಎರಡೂ ಬೇರೆ ಬೇರೆ ಕ್ರಾನ್ (ಹೇಳಿದ ಹೊತ್ತಿಗೆ ತಾನೇ ಓಡುವ ಕೆಲಸ). ಜೊತೆಗೆ ಬೆಳಿಗ್ಗೆ ಆರಕ್ಕೆ ಇನ್ನೊಂದು ಪುಟ್ಟ ಸ್ಕ್ರಿಪ್ಟ್ ನಾಲ್ಕೂ ಸರ್ವರ್‌ಗೆ ಈಗ ನಿನ್ನ ಟ್ರೇಸ್ ಏನು ಅಂತ ಕೇಳುತ್ತದೆ, ಉತ್ತರ *=ಇನ್ಫೋ ಅಲ್ಲದಿದ್ದರೆ ಮೇಲ್ ಕಳಿಸುತ್ತದೆ. ಹೋದ ತಿಂಗಳು ಅಂಥ ಮೇಲ್ ಒಂದು ಬಂತು. ಯಾರಪ್ಪಾ ಇದು ಅಂತ ಸಿಟ್ಟಿನಲ್ಲೇ ಹುಡುಕಿದೆ, ಹಿಂದಿನ ಸಂಜೆ ಏನೋ ನೋಡೋಣ ಅಂತ ಕೈಯಾರೆ ಹಾಕಿ ಮರೆತಿದ್ದು ನಾನೇ.