ಗಂಡಭೇರುಂಡದ ಸ್ಕ್ವಾಡ್ರನ್ ಹುಡುಕಿಕೊಂಡು ಲಂಡನ್‌ಗೆ ಹೋಗುವವರಿಗೆ

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆಯಾದ ರಾಯಲ್ ಏರ್ ಫೋರ್ಸ್‌ನಲ್ಲಿ (ಆರ್‌ಎಎಫ್) ಮೈಸೂರಿನ ಹೆಸರು ಹೊತ್ತ ಒಂದು ಫೈಟರ್ ಸ್ಕ್ವಾಡ್ರನ್, ಅಂದರೆ ಯುದ್ಧವಿಮಾನಗಳ ತುಕಡಿ, ಇತ್ತು: 129 (ಮೈಸೂರು) ಸ್ಕ್ವಾಡ್ರನ್. 1941ರ ಜೂನ್‌ನಲ್ಲಿ ಯಾರ್ಕ್‌ಶೈರ್‌ನ ಲೆಕನ್‌ಫೀಲ್ಡ್‌ನಲ್ಲಿ ಸ್ಪಿಟ್‌ಫೈರ್ ವಿಮಾನಗಳೊಂದಿಗೆ ಶುರುವಾಯಿತು. ಅದರ ಬ್ಯಾಡ್ಜ್‌ನಲ್ಲಿ ಇರೋದು ಗಂಡಭೇರುಂಡ. ಕೆಎಸ್‌ಆರ್‌ಟಿಸಿ ಬಸ್ಸಿನ ಮೇಲೆ ದಿನಾ ಕಾಣುವ ಅದೇ ಎರಡು ತಲೆಯ ಹಕ್ಕಿ. ಪ್ಲಾಸ್ಟಿಕ್ ಮಾಡೆಲ್ ಜೋಡಿಸುವ ಹುಚ್ಚು ಇರುವ ನನಗೆ ಇಷ್ಟು ಸಾಕಾಯಿತು. ಈ ವಿಮಾನಗಳ ಮೇಲೆ ನಿಜವಾಗಿ ಏನೇನು ಬರೆದಿತ್ತು ಅಂತ ನೋಡಲು ಇಂಗ್ಲೆಂಡಿಗೆ ಹೋಗಿ ಬಂದೆ. ಇದೇ ಹಾದಿ ಹಿಡಿಯುವವರಿಗಾಗಿ ಇಷ್ಟು ಬರೆದಿದ್ದೇನೆ.

ಟಿಕೆಟ್ ಬುಕ್ ಮಾಡುವ ಮೊದಲು ಒಂದು ವಿಷಯ ತಿಳಿದಿರಲಿ. ಬ್ಯಾಡ್ಜ್ ಬೇರೆ, ವಿಮಾನದ ಮೇಲಿನ ಗುರುತು ಬೇರೆ. ಯುದ್ಧಕಾಲದ ಫೈಟರ್‌ನ ಪಕ್ಕೆಯಲ್ಲಿ ದೊಡ್ಡದಾಗಿ ಕಾಣುತ್ತಿದ್ದದ್ದು ಅಕ್ಷರಗಳು. ವಾಯುಪಡೆಯ ಗುರುತಾದ ಬಣ್ಣದ ವೃತ್ತದ ಒಂದು ಕಡೆ ಸ್ಕ್ವಾಡ್ರನ್‌ನ ಎರಡು ಅಕ್ಷರ, ಇನ್ನೊಂದು ಕಡೆ ಆ ವಿಮಾನದ ಒಂದು ಅಕ್ಷರ. ಮೈಸೂರು ಸ್ಕ್ವಾಡ್ರನ್‌ನ ಅಕ್ಷರ 'ಡಿವಿ'. ಬಾಲದ ಹತ್ತಿರ ಚಿಕ್ಕದಾಗಿ ಸೀರಿಯಲ್ ನಂಬರ್ ಇರುತ್ತದೆ. ಸ್ಕ್ವಾಡ್ರನ್ ಬದಲಾದರೆ ಅಕ್ಷರಗಳು ಬದಲಾಗುತ್ತವೆ, ಸೀರಿಯಲ್ ಬದಲಾಗಲ್ಲ. ಹಾಗಾಗಿ ಹುಡುಕಾಟ ಯಾವಾಗಲೂ ಸೀರಿಯಲ್ ಮತ್ತು ತಾರೀಖಿನಿಂದ ಶುರುವಾಗಬೇಕು. ಫೋಟೋದಲ್ಲಿ ಕಣ್ಣಾರೆ ಕಾಣುವವರೆಗೆ ಮಾಡೆಲ್ ಮೇಲೆ ಗಂಡಭೇರುಂಡ ಅಂಟಿಸಬೇಡಿ.

ತಾರೀಖು ಯಾಕೆ ಅಷ್ಟು ಮುಖ್ಯ ಅಂದರೆ, ಈ ಒಂದೇ ಸ್ಕ್ವಾಡ್ರನ್ ನೋಡಿ. ಶುರುವಾದ ಎರಡು ತಿಂಗಳಿಗೆ, 1941ರ ಆಗಸ್ಟ್‌ನಲ್ಲಿ, ಫೈಟರ್‌ಗಳ ಮೇಲ್ಭಾಗದ ಹಸಿರು-ಕಂದು ಹೋಗಿ ಹಸಿರು-ಬೂದು ಬಂತು. 1942ರಲ್ಲಿ ವೃತ್ತದ ಬಿಳಿ ಮತ್ತು ಹಳದಿ ಬಳೆಗಳು ತೆಳ್ಳಗಾದವು. 1944ರಲ್ಲಿ ಸ್ಪಿಟ್‌ಫೈರ್ ಬಿಟ್ಟು ಮಸ್ಟಾಂಗ್ ಬಂತು. ಆ ಜೂನ್‌ನಲ್ಲಿ ಫ್ರಾನ್ಸಿನ ನಾರ್ಮಂಡಿ ತೀರದ ದಾಳಿಗೆ ಅಂತ ರೆಕ್ಕೆಗೂ ಹೊಟ್ಟೆಗೂ ಕಪ್ಪು-ಬಿಳಿ ಪಟ್ಟೆ ಬಳಿದರು. ಸುಮ್ನೆ '129ರ ವಿಮಾನ' ಅಂತ ಹೊರಟರೆ ಬಣ್ಣದ ಡಬ್ಬಿಯನ್ನೇ ಆರಿಸೋಕೆ ಆಗಲ್ಲ.

ಮೊದಲ ನಿಲ್ದಾಣ ಲಂಡನ್ನಿನ ಕ್ಯೂ ಬಡಾವಣೆಯ ನ್ಯಾಷನಲ್ ಆರ್ಕೈವ್ಸ್, ಅಂದರೆ ಸರ್ಕಾರಿ ದಾಖಲೆಗಳ ಭಂಡಾರ. ಲಂಡನ್ ಮೆಟ್ರೋದ ಡಿಸ್ಟ್ರಿಕ್ಟ್ ಲೈನ್‌ನಲ್ಲಿ ಕ್ಯೂ ಗಾರ್ಡನ್ಸ್ ಸ್ಟೇಷನ್‌ನಲ್ಲಿ ಇಳಿದು ಸ್ವಲ್ಪ ನಡೆದರೆ ಸಿಗುತ್ತದೆ. ಓದುವ ಕೋಣೆಗಳು ಮಂಗಳವಾರದಿಂದ ಶನಿವಾರದವರೆಗೆ ಮಾತ್ರ. ಮೂಲ ಕಾಗದ ಮುಟ್ಟಬೇಕೆಂದರೆ ರೀಡರ್ಸ್ ಟಿಕೆಟ್ ಬೇಕು. ಪಾಸ್‌ಪೋರ್ಟ್ ಜೊತೆಗೆ ವಿಳಾಸ ತೋರಿಸುವ ದಾಖಲೆಯನ್ನೂ ಕೇಳುತ್ತಾರೆ. ಯಾವ ದಾಖಲೆ ನಡೆಯುತ್ತದೆ ಅಂತ ಊರಲ್ಲಿದ್ದಾಗಲೇ ಅವರ ವೆಬ್‌ಸೈಟ್‌ನಲ್ಲಿ ನೋಡಿಕೊಳ್ಳಿ. ಒಳಗೆ ಪೆನ್ ಬಿಡಲ್ಲ, ಪೆನ್ಸಿಲ್ ಮಾತ್ರ. ಫೋನಿನಲ್ಲಿ ಫೋಟೋ ತೆಗೆಯಬಹುದು.

ನಿಮಗೆ ಬೇಕಾಗಿರೋದು 'ಏರ್ 27' ಎಂಬ ಸರಣಿ, ಅಂದರೆ ಸ್ಕ್ವಾಡ್ರನ್‌ಗಳ ದಿನಚರಿ. ಅದರಲ್ಲಿ ಎರಡು ನಮೂನೆ. ಫಾರ್ಮ್ 540ರಲ್ಲಿ ದಿನದ ಸುದ್ದಿ: ಹವಾಮಾನ, ಯಾರು ಬಂದರು, ಎಲ್ಲಿಗೆ ಹಾರಿದರು. ನಮಗೆ ಬಂಗಾರ ಫಾರ್ಮ್ 541. ತಾರೀಖು, ವಿಮಾನದ ಮಾದರಿ ಮತ್ತು ಸೀರಿಯಲ್, ಪೈಲಟ್ ಹೆಸರು, ಏರಿದ ಸಮಯ, ಇಳಿದ ಸಮಯ, ಎಲ್ಲ ಸಾಲಾಗಿ ಟೈಪ್ ಮಾಡಿರುತ್ತಾರೆ. ಆದರೆ ವಿಮಾನದ ಅಕ್ಷರವನ್ನು ಬರೆದಿರೋದು ಅಪರೂಪ. ಸೀರಿಯಲ್ ಸಿಕ್ಕಿತು, 'ಡಿವಿ' ಮುಂದಿನ ಅಕ್ಷರ ಸಿಗಲಿಲ್ಲ ಅನ್ನೋದು ಇಲ್ಲಿ ಎಲ್ಲರ ಗೋಳು. ಇನ್ನೊಂದು ಮಾತು: ಈ ದಿನಚರಿಗಳು ಡಿಜಿಟಲ್ ಆಗಿವೆ. ಅವಷ್ಟೇ ಸಾಕು ಅನ್ನೋರು ಬೆಂಗಳೂರಿನಲ್ಲಿ ಕೂತೇ ಓದಬಹುದು, ವಿಮಾನದ ಖರ್ಚು ಉಳಿಯುತ್ತದೆ.

ಅಕ್ಷರ ಸಿಗಬೇಕಾದ್ದು ಫೋಟೋದಲ್ಲಿ. ಇಂಪೀರಿಯಲ್ ವಾರ್ ಮ್ಯೂಸಿಯಂನ ಸಂಗ್ರಹ ಇದಕ್ಕೆ ಒಳ್ಳೆಯದು. ಆದರೆ ಫೋಟೋ ಕೂಡ ಪೂರ್ತಿ ನಿಜ ಹೇಳಲ್ಲ. ಯುದ್ಧಕಾಲದ ಸೆನ್ಸಾರ್‌ನವರು ಎಷ್ಟೋ ಚಿತ್ರಗಳಲ್ಲಿ ಸ್ಕ್ವಾಡ್ರನ್ ಅಕ್ಷರಗಳನ್ನೇ ಕೆರೆದು ಹಾಕಿದ್ದಾರೆ. ಬಣ್ಣದ ಕಥೆ ಇನ್ನೂ ಮಜಾ. ಆಗಿನ ಕೆಲವು ಕಪ್ಪು-ಬಿಳಿ ಫಿಲ್ಮ್‌ಗಳಿಗೆ ಕೆಂಪು-ಹಳದಿ ಹಿಡಿಯುತ್ತಿರಲಿಲ್ಲ. ಅಂಥ ಚಿತ್ರದಲ್ಲಿ ವೃತ್ತದ ಹೊರಗಿನ ಹಳದಿ ಬಳೆ ಕಪ್ಪಗೆ ಕಾಣುತ್ತದೆ, ಒಳಗಿನ ನೀಲಿ ತಿಳಿಯಾಗುತ್ತದೆ. ಹಳದಿ ಬಳೆಯೇ ಇರಲಿಲ್ಲ ಅಂತ ತೀರ್ಮಾನ ಮಾಡುವ ಮುಂಚೆ ಇದನ್ನು ನೆನಪಿಟ್ಟುಕೊಳ್ಳಿ.

ನಿಜವಾದ ವಿಮಾನ ನೋಡಲು ಹೆಂಡನ್‌ನ ಆರ್‌ಎಎಫ್ ಮ್ಯೂಸಿಯಂ. ಪ್ರವೇಶ ಉಚಿತ. ನಾರ್ದರ್ನ್ ಲೈನ್‌ನ ಕಾಲಿಂಡೇಲ್ ಸ್ಟೇಷನ್‌ನಿಂದ ನಡೆದೇ ಹೋಗಬಹುದು. ಅಲ್ಲಿ 1940ರ ಒಂದು ಸ್ಪಿಟ್‌ಫೈರ್ ಇದೆ. ಸೀರಿಯಲ್ ಎಕ್ಸ್4590, 609ನೇ ಸ್ಕ್ವಾಡ್ರನ್‌ನ 'ಪಿಆರ್-ಎಫ್' ಗುರುತು. ಪಕ್ಕದಲ್ಲಿ ನಿಂತರೆ ಅಕ್ಷರಗಳು ಎಷ್ಟು ದೊಡ್ಡವು, ಸೀರಿಯಲ್ ಎಷ್ಟು ಸಣ್ಣದು ಅಂತ ಗೊತ್ತಾಗುತ್ತದೆ. ಪುಸ್ತಕದಲ್ಲಿ ಅದು ತಿಳಿಯಲ್ಲ. ಆದರೆ ಮ್ಯೂಸಿಯಂ ವಿಮಾನದ ಬಣ್ಣ ಎಷ್ಟೋ ಸಲ ಆಮೇಲೆ ಬಳಿದದ್ದು. ಅಳತೆಗೆ ನಂಬಿ, ಬಣ್ಣಕ್ಕೆ ಅದನ್ನೊಂದೇ ನಂಬಬೇಡಿ. ಒಂದೊಂದು ವಿಮಾನ ಯಾವಾಗ ಯಾವ ಸ್ಕ್ವಾಡ್ರನ್‌ಗೆ ಹೋಯಿತು ಅಂತ ತೋರಿಸುವ ಫಾರ್ಮ್ 78 ಕಾರ್ಡ್‌ಗಳೂ ಈ ಮ್ಯೂಸಿಯಂನ ಬಳಿ ಇವೆ. ಅವುಗಳಿಗೆ ಮೊದಲೇ ಪತ್ರ ಬರೆದು ಸಮಯ ಕೇಳಿ. ಊಟಕ್ಕೆ ವೆಂಬ್ಲಿಯ ಈಲಿಂಗ್ ರೋಡ್ ಕಡೆ ಹೋದರೆ ದೋಸೆಗೆ ತೊಂದರೆ ಇಲ್ಲ.

ಇನ್ನೂ ಒಂದು ದಿನ ಇದ್ದರೆ ಲಂಡನ್ ವಿಕ್ಟೋರಿಯಾದಿಂದ ಚಿಚೆಸ್ಟರ್‌ಗೆ ರೈಲು ಹಿಡಿಯಿರಿ. 129 ಬೀಡುಬಿಟ್ಟಿದ್ದ ವೆಸ್ಟ್‌ಹ್ಯಾಂಪ್ನೆಟ್ ಈಗ ಗುಡ್‌ವುಡ್ ಏರೋಡ್ರೋಮ್. ಹತ್ತಿರದಲ್ಲೇ ಟ್ಯಾಂಗ್‌ಮಿಯರ್‌ನ ವಿಮಾನ ಮ್ಯೂಸಿಯಂ ಇದೆ. ಅದು ಚಳಿಗಾಲದಲ್ಲಿ ಕೆಲವು ವಾರ ಮುಚ್ಚಿರುತ್ತದೆ, ಹೊರಡೋ ಮುಂಚೆ ವಿಚಾರಿಸಿ.